ಗ್ರಂಥಿಯ ಗಾತ್ರ ನೋಡಿ ಕಂಗಾಲಾಗದಿರಿ



ವಯಸ್ಸಾದಂತೆ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು ಕೂದಲು ನರೆಯುವಂತೆ ಸಾಮಾನ್ಯ ಸಂಗತಿ. ಆದರೂ ನಮ್ಮ ಮನೆಗಳ ಹಿರಿಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಹಲವು ಬಾರಿ ಏಳುತ್ತಾರೆ. ವುಝೂ ನಿಲ್ಲದೆಂಬ ಅಂಜಿಕೆಯಿಂದ ಮಸೀದಿಗೆ ಹೋಗುವುದನ್ನೇ ಕಡಿಮೆ ಮಾಡುತ್ತಾರೆ. ಕೊನೆಗೊಂದು ದಿನ ಸ್ಕ್ಯಾನಿಂಗ್ ವರದಿಯಲ್ಲಿ ಗ್ರಂಥಿಯ ತೂಕ ಕಂಡು ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ.

ಗ್ರಂಥಿಯ ಗಾತ್ರಕ್ಕೂ ತೊಂದರೆಯ ತೀವ್ರತೆಗೂ ನೇರ ಸಂಬಂಧವಿಲ್ಲವೆಂಬುದನ್ನು ನಾವು ಅರಿಯಬೇಕು. ತೊಂದರೆಯನ್ನು ಅಳೆಯಲು ಏಳು ಪ್ರಶ್ನೆಗಳ ಪಟ್ಟಿಯೊಂದಿದೆ. ಒಟ್ಟು 35 ಅಂಕಗಳಲ್ಲಿ 7ರವರೆಗೆ ಸೌಮ್ಯ, 20 ಮತ್ತು ಅದಕ್ಕಿಂತ ಮೇಲೆ ತೀವ್ರ. ಮೂರು ದಿನ ಕುಡಿದ ನೀರನ್ನೂ ವಿಸರ್ಜಿಸಿದ ಮೂತ್ರವನ್ನೂ ಅಳೆದು ಬರೆದಿಟ್ಟರೆ ವೈದ್ಯರಿಗೆ ಬಹಳಷ್ಟು ತಿಳಿಯುತ್ತದೆ. ರಾತ್ರಿಯ ಬಾಧೆಗೆ ಸಕ್ಕರೆ ಕಾಯಿಲೆಯೋ ತಡಸಂಜೆಯ ಚಹಾವೋ ಕಾರಣವಾಗಿರುವುದೂ ಉಂಟು! ಅನಂತರ ಮೂತ್ರ ಪರೀಕ್ಷೆ, ಹರಿವಿನ ವೇಗದ ಪರೀಕ್ಷೆ, ವಿಸರ್ಜನೆಯ ಬಳಿಕ ಒಳಗೆಷ್ಟು ಉಳಿದಿದೆಯೆಂದು ನೋಡುವ ಸ್ಕ್ಯಾನಿಂಗ್. ಹರಿವಿನ ಪರೀಕ್ಷೆಗೆ ಸುಮಾರು 150 ಮಿ.ಲೀ. ಮೂತ್ರವಾದರೂ ಬೇಕು, ಸಂಕೋಚದಿಂದ ನಾಲ್ಕು ಹನಿ ಬಿಟ್ಟು ಬಂದರೆ ಆ ವರದಿಗೆ ಬೆಲೆಯಿಲ್ಲ.

ಹರಿವು ನಿಧಾನವಾದುದಕ್ಕೆ ಗ್ರಂಥಿಯ ಅಡ್ಡಿಯೇ ಕಾರಣವೆನ್ನಲಾಗದು. ಮೂತ್ರಕೋಶ ದುರ್ಬಲವಾಗಿದ್ದರೂ ಹಾಗಾಗುತ್ತದೆ. ಇವೆರಡನ್ನೂ ಬೇರ್ಪಡಿಸಿ ತೋರಿಸುವುದು ನಳಿಕೆಯಿಳಿಸಿ ಒತ್ತಡ ಅಳೆಯುವ ಯುರೋಡೈನಮಿಕ್ಸ್ ಪರೀಕ್ಷೆ. ಅದು ಎಲ್ಲರಿಗೂ ಬೇಕೇ? ಇಂಗ್ಲೆಂಡಿನ 26 ಆಸ್ಪತ್ರೆಗಳಲ್ಲಿ 820 ಪುರುಷರನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪರೀಕ್ಷೆಯನ್ನೂ ಸೇರಿಸಿದ ಗುಂಪಿನ ಶೇ. 38 ಮಂದಿ ಶಸ್ತ್ರಚಿಕಿತ್ಸೆಗೊಳಗಾದರೆ, ಸಾಮಾನ್ಯ ಪರೀಕ್ಷೆಗಳ ಗುಂಪಿನಲ್ಲಿ ಶೇ. 36. ಆದುದರಿಂದ ಮೊದಲ ಪರೀಕ್ಷೆಗಳ ಬಳಿಕವೂ ಸಂಶಯ ಉಳಿದವರಿಗೆ ಇದು ಸಾಕೆಂಬುದು ನಮ್ಮ ಅಭಿಪ್ರಾಯ. ಆದರೆ ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಟ್ಟಿಕೊಂಡರೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು.