ಒಣಸೇಬಿನ ಪದರ ಕೇಕು

(ಸ್ವಸಹಾಯ ಸಂಘಗಳ ಸದಸ್ಯೆಯರ ತಿಂಡಿ ತಯಾರಿ ತರಬೇತಿಯಲ್ಲಿ ಆಡಿದ ಮಾತುಗಳ ಬರಹರೂಪ)



ಕೇಕು ಅಂದ ಕೂಡಲೇ ನಮಗೆ ನೆನಪಾಗುವುದು ಬೇಕರಿಯ ಗಾಜಿನ ಪೆಟ್ಟಿಗೆ, ಬಿಳಿ ಕ್ರೀಮು, ಅದರ ಮೇಲೊಂದು ಕೆಂಪು ಚೆರ್ರಿ. ನಾವು ಇವತ್ತು ಹೇಳಲಿರುವ ಕೇಕಿನಲ್ಲಿ ಇದು ಯಾವುದೂ ಇಲ್ಲ. ಕೈಯಲ್ಲಿ ಹಣವಿಲ್ಲದ ಹೆಂಗಸರು ಮನೆಯಲ್ಲಿದ್ದುದರಲ್ಲೇ ಮಾಡಿಕೊಂಡು ಬಂದ ಕೇಕು ಇದು.

ಇದರ ಊರು ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆ. ಕೆಂಟಕಿ, ಟೆನೆಸೀ, ನಾರ್ತ್ ಕೆರೊಲಿನಾ ರಾಜ್ಯಗಳ ಗುಡ್ಡಗಾಡು. ಅಮೆರಿಕ ಅಂದರೆ ಎಲ್ಲರೂ ಶ್ರೀಮಂತರು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಆ ಸೀಮೆ ಹಾಗಿರಲಿಲ್ಲ. ಸಣ್ಣ ಹೊಲ, ಕಲ್ಲಿದ್ದಲ ಗಣಿಯ ಕೂಲಿ, ದೂರದ ಪೇಟೆ. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದಾಗ ಕೆಂಟಕಿಯ ಇದೇ ಬೆಟ್ಟಗಳ ಬಡ ಮನೆಗಳಿಗೆ ಭೇಟಿ ಕೊಟ್ಟಿದ್ದರು.

ಆ ಹೆಂಗಸರ ಹತ್ತಿರ ಇದ್ದದ್ದು ಸೇಬಿನ ಮರ. ಹಣ್ಣು ಬರುವುದೆಲ್ಲ ಒಂದೇ ಕಾಲಕ್ಕೆ. ಅದಕ್ಕಾಗಿ ಹೆಚ್ಚಿ, ದಾರಕ್ಕೆ ಪೋಣಿಸಿ ಒಲೆಯ ಹತ್ತಿರ ತೂಗುಹಾಕುತ್ತಿದ್ದರು. ಇಲ್ಲವೇ ಬಟ್ಟೆ ಹಾಸಿ ಮಾಡಿನ ಮೇಲೆ ಒಣಗಿಸುತ್ತಿದ್ದರು. ನಾವು ಪುನರ್ಪುಳಿ ಸಿಪ್ಪೆಯನ್ನು ಮಳೆಗಾಲಕ್ಕೆ ಒಣಗಿಸಿ ಇಡುವುದಿಲ್ಲವೇ, ಹಾಗೆಯೇ. ಅವರು ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು.

ಸಿಹಿಗೆ ಸಕ್ಕರೆ ದುಬಾರಿ. ಅದರ ಬದಲು ಸಿಹಿ ದಂಟಿನ ಜೋಳ ಬೆಳೆಯುತ್ತಿದ್ದರು. ನಮ್ಮ ಬಿಜಾಪುರ, ಕಲಬುರ್ಗಿ ಕಡೆಯ ರೊಟ್ಟಿ ಜೋಳದ ಜಾತಿಯದೇ ಅದು. ಅಮೆರಿಕಕ್ಕೆ ಬಂದದ್ದು 1850ರ ದಶಕದಲ್ಲಿ. ಹೇಸರಗತ್ತೆ ಕಟ್ಟಿ ಗಾಣ ತಿರುಗಿಸಿ ದಂಟಿನ ರಸ ಹಿಂಡುತ್ತಾರೆ. ಅಗಲ ಕೊಪ್ಪರಿಗೆಯಲ್ಲಿ ಕುದಿಸಿ, ಮೇಲೆ ಬರುವ ಹಸಿರು ನೊರೆ ತೆಗೆಯುತ್ತಾರೆ. ನಮ್ಮ ಆಲೆಮನೆಯೇ ನೋಡಿ! ಕೊನೆಗೆ ಸಿಗುವುದು ನಮ್ಮ ಜೋನಿ ಬೆಲ್ಲದಂಥ ಪಾಕ. ಆ ದಿನ ನೆರೆಕರೆಯವರೆಲ್ಲ ಸೇರುತ್ತಿದ್ದರು. ಸೇಬು ಹೆಚ್ಚುವುದಕ್ಕೂ ಹಾಗೆಯೇ ಒಟ್ಟಾಗುತ್ತಿದ್ದರು.

ಈ ಕೇಕಿನ ಬಗ್ಗೆ ಒಂದು ಚಂದದ ಕಥೆ ಇದೆ. ಮದುವೆಗೆ ಬಂದ ಒಂದೊಂದು ಮನೆಯವರೂ ಒಂದೊಂದು ಪದರ ಸುಟ್ಟು ತರುತ್ತಿದ್ದರಂತೆ. ಮದುಮಗಳ ಮನೆಯವರು ನಡುನಡುವೆ ಸೇಬಿನ ಹೂರಣ ಹಚ್ಚಿ ಒಟ್ಟುತ್ತಿದ್ದರಂತೆ. ಪದರ ಹೆಚ್ಚಿದಷ್ಟೂ ಹುಡುಗಿ ಊರಿಗೆ ಬೇಕಾದವಳು ಅಂತ ಲೆಕ್ಕ. ಆದರೆ ಈ ಕೇಕು ಮಾಡಿ ನೋಡಿದವರಿಗೆ ಸಂಶಯ ಬರುತ್ತದೆ. ಪದರಗಳು ಸುಟ್ಟ ದಿನ ಬಿಸ್ಕತ್ತಿನ ಹಾಗೆ ಗಟ್ಟಿ. ಸೇಬಿನ ತೇವ ಕುಡಿದು ಮೆತ್ತಗಾಗಲು ಎರಡು ದಿನವಾದರೂ ಬೇಕು. ಮದುವೆಯ ದಿನವೇ ಒಟ್ಟಿದರೆ ತಿನ್ನುವುದು ಹೇಗೆ? ಆಹಾರದ ಚರಿತ್ರೆ ಬರೆದವರೂ ಈ ಕಥೆಯನ್ನು ಪೂರ್ತಿ ಒಪ್ಪಿಲ್ಲ. ಆ ಬೆಟ್ಟಗಳಲ್ಲಿ ಮೆಕ್ಕೆಜೋಳವೇ ಮುಖ್ಯ ಊಟ. ಗೋಧಿ ಹಿಟ್ಟು ಸುಲಭವಾಗಿ ಸಿಗತೊಡಗಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ.

ನಮಗಂತೂ ಆ ಕಥೆ ಸುಳ್ಳಾದರೆ ಬೇಸರವಿಲ್ಲ. ಮದುಮಗಳ ಬೆಲೆಯನ್ನು ಬಂದ ವಸ್ತುವಿನಿಂದ ಎಣಿಸುವ ಕಾಟ ನಮ್ಮಲ್ಲೇ ಸಾಕಷ್ಟಿದೆ. ಹೆಂಗಸರು ನಿಜವಾಗಿ ಒಟ್ಟಾದದ್ದು ಮದುವೆಯ ಮೇಜಿನ ಮುಂದಲ್ಲ, ತಿಂಗಳುಗಳ ಮೊದಲು ಸೇಬು ಹೆಚ್ಚುವಾಗ, ಬೆಲ್ಲ ಕಾಸುವಾಗ. ಆ ದುಡಿಮೆಯನ್ನು ಯಾರೂ ಪದರ ಎಣಿಸಿದ ಹಾಗೆ ಎಣಿಸಲಿಲ್ಲ. ಕೇಕು ನಿಂತಿರುವುದು ಅದರ ಮೇಲೆಯೇ.

ಈಗ ಮಾಡುವ ಕ್ರಮ ಬರೆದುಕೊಳ್ಳಿ.

ಹೂರಣಕ್ಕೆ: ಒಣಸೇಬು 500 ಗ್ರಾಂ, ಬೆಲ್ಲದ ಪುಡಿ 200 ಗ್ರಾಂ, ದಾಲ್ಚಿನ್ನಿ ಪುಡಿ 1 ಚಮಚ, ಲವಂಗ ಮತ್ತು ಜಾಯಿಕಾಯಿ ಪುಡಿ ಚಿಟಿಕೆ ಚಿಟಿಕೆ. ಸೇಬು ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಕರಗುವಷ್ಟು ಬೆಂದ ಮೇಲೆ ಮಸೆದು, ಉಳಿದದ್ದು ಸೇರಿಸಿ. ದೋಸೆ ಹಿಟ್ಟಿಗಿಂತ ಗಟ್ಟಿ, ಜಾಮಿಗಿಂತ ಸಡಿಲ ಇರಲಿ. ತೀರಾ ಒಣಗಿಸಿದರೆ ಪದರಗಳಿಗೆ ಕುಡಿಯಲು ತೇವವೇ ಇರುವುದಿಲ್ಲ.

ಪದರಗಳಿಗೆ: ಮೈದಾ 600 ಗ್ರಾಂ, ಸಕ್ಕರೆ 200 ಗ್ರಾಂ, ಬೆಣ್ಣೆ 110 ಗ್ರಾಂ, ಮೊಟ್ಟೆ 2, ಜೋನಿ ಬೆಲ್ಲ ಅರ್ಧ ಕಪ್, ಮಜ್ಜಿಗೆ ಅರ್ಧ ಕಪ್, ಅಡುಗೆ ಸೋಡ 1 ಚಮಚ, ಶುಂಠಿ ಪುಡಿ 1 ಚಮಚ, ಉಪ್ಪು ಅರ್ಧ ಚಮಚ. ಬೆಣ್ಣೆ ಸಕ್ಕರೆ ಕಲಸಿ, ಮೊಟ್ಟೆ, ಬೆಲ್ಲ, ಮಜ್ಜಿಗೆ ಸೇರಿಸಿ, ಕೊನೆಗೆ ಸೋಡ, ಶುಂಠಿ ಪುಡಿ, ಉಪ್ಪು ಬೆರೆಸಿದ ಹಿಟ್ಟು ಹಾಕಿ ಚಪಾತಿ ಹಿಟ್ಟಿನಷ್ಟು ಮೆದುವಾಗಿ ಕಲಸಿ. ತುಂಬಾ ನಾದಬೇಡಿ. ಆರು ಉಂಡೆ ಮಾಡಿ, 9 ಇಂಚು ಅಗಲಕ್ಕೆ ಲಟ್ಟಿಸಿ, 180 ಡಿಗ್ರಿ ಓವನ್‌ನಲ್ಲಿ 10ರಿಂದ 12 ನಿಮಿಷ ಸುಡಿ. ಬೆಟ್ಟದವರು ಬೀಡಿನ ಬಾಣಲೆಯಲ್ಲಿ ಒಂದೊಂದಾಗಿ ಸುಡುತ್ತಿದ್ದರು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರ ಮೇಲೆ ತಟ್ಟೆ ಇಟ್ಟು ಮುಚ್ಚಿ ಸುಡಬಹುದು. ಸಮಯ ಸ್ವಲ್ಪ ಜಾಸ್ತಿ ಬೇಕು.

ಆರಿದ ಮೇಲೆ ಒಂದು ಪದರ, ಅದರ ಮೇಲೆ ಹೂರಣ, ಮತ್ತೆ ಪದರ, ಹೀಗೆ ಒಟ್ಟಿ. ಮೇಲಿನ ಪದರಕ್ಕೆ ಏನೂ ಬೇಡ. ಮುಚ್ಚಿ ಎರಡು ದಿನ ಇಡಿ. ಅಲ್ಲಿಯ ಚಳಿಗೆ ಹೊರಗಿಟ್ಟರೂ ನಡೆಯುತ್ತಿತ್ತು. ನಮ್ಮ ಸೆಕೆಗೆ ಬೂಷ್ಟು ಹಿಡಿಯುತ್ತದೆ, ಫ್ರಿಜ್ಜಿನಲ್ಲೇ ಇಡಬೇಕು. ಆಮೇಲೆ ತೆಳ್ಳಗೆ ಕತ್ತರಿಸಿ.

ಅಂಗಡಿಯ ಒಣಸೇಬಿಗೆ ಕ್ರಯ ಜಾಸ್ತಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಿಮಾಚಲ, ಕಾಶ್ಮೀರದ ಸೇಬು ಹೆಚ್ಚಾಗಿ ಬರುವಾಗ, ಪೆಟ್ಟಾದ ಹಣ್ಣು ಕಡಿಮೆಗೆ ಸಿಗುತ್ತದೆ. ಕೊಳೆತದ್ದು ಬೇಡ. ತೆಳುವಾಗಿ ಹೆಚ್ಚಿ, ಲಿಂಬೆರಸದ ನೀರಿನಲ್ಲಿ ಅದ್ದಿ, ಮಳೆ ಬಿಟ್ಟ ಬಿಸಿಲಿಗೆ ತೆಳು ಬಟ್ಟೆ ಮುಚ್ಚಿ ಒಣಗಿಸಿ. ಸೇಬಿನಲ್ಲಿ ನೂರಕ್ಕೆ ಸುಮಾರು 85 ಪಾಲು ನೀರೇ ಇರುವುದರಿಂದ ಒಂದು ಬುಟ್ಟಿ ಹಣ್ಣು ಒಂದು ಡಬ್ಬಿಗೆ ಇಳಿಯುತ್ತದೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಾರುವುದಾದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಮಾಡಿಸಿಕೊಳ್ಳಿ. ದರ ಕಟ್ಟುವಾಗ ಸಾಮಾನಿನ ಖರ್ಚಿನ ಜೊತೆ ಹಣ್ಣು ಹೆಚ್ಚಿದವರ, ಒಣಗಿಸಿದವರ, ಕಾದು ಕೂತವರ ಕೂಲಿಯನ್ನೂ ಪುಸ್ತಕದಲ್ಲಿ ಬರೆಯಿರಿ. ಬೆಟ್ಟದ ಆ ತಾಯಂದಿರ ಕೆಲಸವನ್ನು ಯಾರೂ ಬರೆದಿಡಲಿಲ್ಲ. ನಮ್ಮ ಸಂಘದ ಪುಸ್ತಕ ನಮ್ಮ ಕೈಯಲ್ಲೇ ಇದೆ.