ಹೊರೆ ಹೊರುವ ಪಿಕಪ್ಪಿಗೆ ಹಿಂದಿನ ಶಾಕಪ್

ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ಪಿಕಪ್ ಗಾಡಿಯಿಲ್ಲದ ಊರು ಅಪರೂಪ. ಈರುಳ್ಳಿ, ಶೇಂಗಾ, ತೆಂಗಿನಕಾಯಿಗಳು ಅದರ ಬೆನ್ನೇರಿಯೇ ಹೆದ್ದಾರಿ ಸೇರಬೇಕು. ಕುರಿ ಸಾಗಿಸುವವರು ಕಬ್ಬಿಣದ ಚೌಕಟ್ಟು ನಿಲ್ಲಿಸಿ, ನಡುವೆ ಹಲಗೆ ಹಾಸಿ, ಎರಡು ಅಂತಸ್ತು ಮಾಡಿಕೊಳ್ಳುವುದೂ ಉಂಟು. ಅಮೆರಿಕದಲ್ಲಿ ಇಂಥದೇ ಗಾಡಿಯ ಬೆನ್ನಿಗೆ ಹಾಸಿಗೆ, ಒಲೆಗಳಿರುವ ಪುಟ್ಟ ಮನೆಯನ್ನೇ ಕೂರಿಸಿ ಪ್ರವಾಸ ಹೊರಡುತ್ತಾರೆ. ಅದಕ್ಕೆ ಕ್ಯಾಂಪರ್ ಎಂದು ಹೆಸರು. ನಮ್ಮಲ್ಲಿ ಕ್ಯಾಂಪರ್ ಎಂದರೆ ಎರಡು ಸಾಲು ಆಸನದ ಮಹೀಂದ್ರ ಬೊಲೆರೊ ಪಿಕಪ್. ಮನೆಯಾಗಲಿ, ಕುರಿಯಾಗಲಿ, ಗಾಡಿಯ ಹಿಂಭಾಗದ ಪಾಡು ಒಂದೇ: ಭಾರ ಹೆಚ್ಚು, ಅದೂ ಎತ್ತರದಲ್ಲಿ.

ತಿರುವಿನಲ್ಲಿ ಹಿಂಭಾಗ ತೂಗಾಡಿದರೆ ಮಾಲೀಕರು ಗ್ಯಾರೇಜಿಗೆ ಹೋಗಿ, "ಶಾಕಪ್ ಹೋಗಿದೆ, ಇದ್ದುದರಲ್ಲಿ ಗಟ್ಟಿಯಾದದ್ದು ಹಾಕಪ್ಪ" ಎನ್ನುತ್ತಾರೆ. ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ಭಾರ ಹೊರುವುದು ಶಾಕ್ ಅಬ್ಸಾರ್ಬರ್ ಅಲ್ಲ, ಸ್ಪ್ರಿಂಗ್ ಪಟ್ಟಿಗಳು. ಹಳ್ಳಕ್ಕೆ ಬಿದ್ದ ಪಟ್ಟಿ ಮತ್ತೆ ಮತ್ತೆ ಪುಟಿಯುತ್ತದೆ. ಆ ಪುಟಿತವನ್ನು ಅಡಗಿಸುವುದಷ್ಟೇ ಶಾಕಪ್ಪಿನ ಕೆಲಸ. ಅದರೊಳಗೆ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ನುಸುಳಿ, ಚಲನೆಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಆದುದರಿಂದ ಹೊರೆ ಹೇರಿದಾಗ ಹಿಂಭಾಗ ಕುಸಿದು ಕೂತರೆ ಪಟ್ಟಿಗಳನ್ನು ನೋಡಿಸಬೇಕು. ಕುಸಿಯದೆ ಕುಣಿಯುತ್ತಲೇ ಇದ್ದರೆ, ಟೈರು ಅಲ್ಲಲ್ಲಿ ಬಟ್ಟಲಿನಂತೆ ಸವೆದಿದ್ದರೆ, ಕೊಳವೆಯ ಮೈಮೇಲೆ ಎಣ್ಣೆ ಇಳಿದಿದ್ದರೆ ಶಾಕಪ್ಪನ್ನು ಶಂಕಿಸಬೇಕು.

ಇನ್ನು ಆಯ್ಕೆ. ಸದಾ ಒಂದೇ ಭಾರ ಹೊತ್ತಿರುವ ಗಾಡಿಗೆ, ಅಂದರೆ ಸಂಚಾರಿ ಹೋಟೆಲಿನಂಥದಕ್ಕೆ, ತುಸು ಬಿಗಿಯಾದ ಶಾಕಪ್ ಒಪ್ಪುತ್ತದೆ. ನಮ್ಮ ಕುರಿ ಗಾಡಿಯ ಮಾತು ಬೇರೆ: ಹೋಗುವಾಗ ತುಂಬಿದ ಹೊರೆ, ಬರುವಾಗ ಬರಿ ತೊಟ್ಟಿ. ಅದಕ್ಕೆ ಅತಿ ಬಿಗಿಯಾದದ್ದು ಹಾಕಿದರೆ ಖಾಲಿ ಬರುವಾಗ ಚಕ್ರ ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಎದುರಿಗೆ ಸ್ಕೂಟರಿನಲ್ಲಿ ಬರುವವರ ಪ್ರಾಣವೂ ಆ ಹಿಡಿತದಲ್ಲೇ ಇರುತ್ತದೆ. ಇಂಥ ಗಾಡಿಗೆ ತಯಾರಕರು ಹೇಳಿದ ಅಳತೆ, ಹೇಳಿದ ಬಿಗಿಯೇ ಮೇಲೆಂದು ನನ್ನ ಅಭಿಪ್ರಾಯ. ಉದ್ದನೆಯ ಕೆಟ್ಟ ರಸ್ತೆಯಲ್ಲಿ ಎಡೆಬಿಡದೆ ಓಡುವವರು ಅನಿಲ ತುಂಬಿದ ಬಗೆಯನ್ನು ಕೊಳ್ಳಬಹುದು. ಅದರಲ್ಲಿ ಎಣ್ಣೆ ಸುಲಭವಾಗಿ ನೊರೆಯಾಗುವುದಿಲ್ಲ. ಭಾರ ಹೊರುವ ಶಕ್ತಿ ಅದರಿಂದ ಹೆಚ್ಚೀತೆಂದು ಮಾತ್ರ ನಂಬಬಾರದು.

ಅನೇಕರು ಮರೆಯುವುದು ಉದ್ದದ ಲೆಕ್ಕವನ್ನು. ಹೆಚ್ಚುವರಿ ಪಟ್ಟಿ ಸೇರಿಸಿದಾಗ ಗಾಡಿಯ ಹಿಂಭಾಗ ಮೇಲೇಳುತ್ತದೆ. ಹಳೆಯ ಉದ್ದದ ಶಾಕಪ್ಪನ್ನೇ ಹಾಕಿದರೆ, ಖಾಲಿ ಗಾಡಿಯಲ್ಲಿ ಅದು ಪೂರ್ತಿ ಹಿಗ್ಗಿ ನಿಂತು, ಪ್ರತಿ ಕುಲುಕಿಗೂ ತುದಿಯ ಬೋಲ್ಟನ್ನು ಜಗ್ಗುತ್ತದೆ. ತೀರ ಉದ್ದವಾದರೆ ಹೊರೆ ಬಿದ್ದಾಗ ತಳ ಮುಟ್ಟಿ ಒಡೆಯುತ್ತದೆ. ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ಎರಡು ಬೋಲ್ಟುಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆಯಿರಿ. ಕೊಳ್ಳುವ ಶಾಕಪ್ ಆ ಎರಡು ಅಳತೆಗಳಾಚೆಗೂ ಹಿಗ್ಗಲು, ಕುಗ್ಗಲು ಸ್ಥಳವಿರಬೇಕು.

ಅಂಗಡಿಗೆ ಹೋಗುವ ಮೊದಲು ಹೊರೆ ಸಮೇತ ಗಾಡಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿರಿ. ಕಬ್ಬಿಣದ ಚೌಕಟ್ಟೂ, ಹಲಗೆಯೂ ತೂಕವೇ. ಆರ್.ಸಿ. ಪುಸ್ತಕದಲ್ಲಿ ಬರೆದ ಒಟ್ಟು ತೂಕವನ್ನು ಅದು ಮೀರಿದ್ದರೆ ಮೊದಲು ಕುರಿಗಳನ್ನು ಇಳಿಸಬೇಕು. ಅದಕ್ಕೆ ಯಾವ ಶಾಕಪ್ಪೂ ಮದ್ದಲ್ಲ.

ಹಾಕಿಸುವಾಗ ಎಡ, ಬಲ ಎರಡನ್ನೂ ಒಟ್ಟಿಗೆ ಬದಲಿಸಿರಿ. ಚಕ್ರಗಳು ನೆಲದ ಮೇಲೆ ಭಾರ ಹೊತ್ತು ನಿಂತ ಮೇಲೆಯೇ ಬೋಲ್ಟನ್ನು ಕೊನೆಯ ಬಿಗಿ ಬಿಗಿಯಬೇಕು. ಜಾಕಿಯ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹಿರಿಯೂರಿನವರೆಗೆ ಒಂದು ಸಲ ಓಡಿಸಿ ಬಂದು, ಎರಡು ಕೊಳವೆಗಳನ್ನೂ ಎಚ್ಚರದಿಂದ ಮುಟ್ಟಿ ನೋಡಿ. ಎರಡೂ ಬೆಚ್ಚಗಿರಬೇಕು. ಒಂದು ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲವೆಂದು ತಿಳಿದು, ರಸೀತಿಯೊಡನೆ ಅಂಗಡಿಗೆ ಹಿಂದಿರುಗಿಸಿರಿ.