ತಿಂಡಿ ಆಯ್ತಾ ಮಗಾ? ಒಂದೇ ಕನ್ನಡ, ನೂರೆಂಟು ಎಡವಟ್ಟು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಒಬ್ಬರೇ ನಕ್ಕು ಪಕ್ಕದವರು ಗುರಾಯಿಸಿದ್ರೆ ನಾನು ಜವಾಬ್ದಾರ ಅಲ್ಲ.

ನಾನು ಹುಬ್ಬಳ್ಳಿ ಕಡೆಯವನು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು ಪಿಜಿ ಸೇರಿದ ಮರುದಿನ ಬೆಳಿಗ್ಗೆ ಹಲ್ಲುಜ್ತಾ ನಿಂತಿದ್ದೆ. ಮಂಡ್ಯದ ರೂಮ್‌ಮೇಟ್ ಬಂದು ಭುಜ ತಟ್ಟಿ ಕೇಳಿದ: "ಏನ್ ಮಗಾ, ತಿಂಡಿ ಆಯ್ತಾ?"

ನನ್ನ ಪಿತ್ತ ನೆತ್ತಿಗೇರಿತು. ಯಾಕಂದ್ರೆ ನಮ್ಮ ಕಡೆ "ಲೇ ಮಗನ" ಅಂದ್ರೆ ಬೈಗುಳ. 'ತಿಂಡಿ' ಅಂದ್ರೆ ತುರಿಕೆ. "ತಿಂಡಿ ಐತೇನಲೇ?" ಅಂದ್ರೆ, ಒದೆ ತಿನ್ನೋಕೆ ಮೈ ಕಡೀತಿದೆಯಾ ಅಂತ. ನಾನೂ ಬಿಡಲಿಲ್ಲ. ಬಾಯಲ್ಲಿ ಪೇಸ್ಟ್ ಇಟ್ಕೊಂಡೇ, "ನಿನಗ ಐತೇನ್ ತಿಂಡಿ?" ಅಂದೆ. ಅವನು ನಗ್ತಾ, "ನಂದೂ ಇನ್ನೂ ಆಗಿಲ್ಲ. ಬಾ, ಕೆಳಗೆ ಹೋಗಿ ಒಟ್ಟಿಗೇ ಮಾಡೋಣ" ಅಂದ!

ತೋಳು ಮಡಚಿಕೊಂಡೇ ಮೆಟ್ಟಿಲು ಇಳಿದೆ. ಅವನು ಹೋಗಿ ನಿಂತಿದ್ದು ಇಡ್ಲಿ ಗಾಡಿ ಮುಂದೆ.

ಮೂರನೇ ರೂಮ್‌ಮೇಟ್ ಉಡುಪಿಯವನು. ಒಂದು ದಿನ ಪಾಪ, ಜ್ವರ, ವಾಂತಿ. "ಎರಡು ಬೊಂಡ ತಕೊಂಡು ಬಾ ಮಾರಾಯ" ಅಂದ. ಓಡಿ ಹೋಗಿ ಬಿಸಿಬಿಸಿ ಎಣ್ಣೆ ಬೊಂಡ ತಂದೆ, ಜೊತೆಗೆ ಚಟ್ನಿ. ಅದನ್ನ ನೋಡಿಯೇ ಅವನು ಬಚ್ಚಲಿಗೆ ಓಡಿದ. ಆಮೇಲೆ ಗೊತ್ತಾಯ್ತು, ಅವರ ಕಡೆ ಬೊಂಡ ಅಂದ್ರೆ ಎಳನೀರು.

ಇಷ್ಟರ ತನಕ ನಗುನೇ. ಆದ್ರೆ ಆಫೀಸಲ್ಲಿ ಒಂದ್ಸಲ ಮ್ಯಾನೇಜರನ್ನ, "ಕ್ಲೈಂಟಿಗೆ ಫೋನ್ ಹಚ್ಚಲೇನ್ರಿ?" ಅಂತ ಕೇಳಿದೆ. "ಹಚ್ಚಬೇಡಪ್ಪ, ಆಫೀಸ್ ಫೋನು, ಸುಟ್ಟೋಗುತ್ತೆ" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರನೇ ವಾರಕ್ಕೆ ನನ್ನ ಹೆಸರೇ 'ಹಚ್ಚಪ್ಪ' ಆಗಿತ್ತು. ಆಗ ನಗು ಬರಲಿಲ್ಲ. ಮೀಟಿಂಗಲ್ಲಿ ಬಾಯಿ ಬಿಡೋದು ಕಡಿಮೆ ಮಾಡಿದೆ. ಕನ್ನಡಿ ಮುಂದೆ ನಿಂತು 'ಬೆಂಗಳೂರು ಕನ್ನಡ' ಪ್ರಾಕ್ಟೀಸ್ ಮಾಡಿದೆ.

ಒಂದು ರಾತ್ರಿ ನನ್ನ ಫೋನಲ್ಲಿ ಚಾರ್ಜ್ ಇರಲಿಲ್ಲ. ಮಂಡ್ಯದವನ ಫೋನಿಂದ ಅವ್ವಗೆ ಮಾಡಿದೆ. "ಹಲೋ, ಊಟ ಆಯ್ತಾ? ಏನ್ ಮಾಡ್ತಾ ಇದೀಯಾ?" ಅಂದೆ.

"ಯಾರ್ರೀ ನೀವು? ರಾಂಗ್ ನಂಬರ್ ಆಗೇತ್ರಿ" ಅಂದು ಅವ್ವ ಕಟ್ ಮಾಡಿದಳು.

ರೂಮಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಗಂಟಲು ಕಟ್ಟಿತ್ತು.

ಯೋಚನೆ ಮಾಡಿ. 1956ರ ನವೆಂಬರ್ 1ಕ್ಕೆ ಮುಂಚೆ ಹುಬ್ಬಳ್ಳಿ ಮುಂಬೈ ರಾಜ್ಯದಲ್ಲಿತ್ತು, ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿ. ಮಂಡ್ಯ ಮೈಸೂರಿಗೆ ಸೇರಿತ್ತು. ಉಡುಪಿ ಬಹುಕಾಲ ಮದ್ರಾಸಿನ ಆಡಳಿತದಲ್ಲಿತ್ತು. ಅದಕ್ಕೇ ನಮ್ಮ ಬಾಯಲ್ಲಿ 'ನಾಷ್ಟಾ', 'ದವಾಖಾನಿ'. ಉಡುಪಿಯವನ ಬೊಂಡದಲ್ಲಿ ತುಳು. ಯಾರ ಕನ್ನಡನೂ ಕೆಟ್ಟಿಲ್ಲ. ಅಕ್ಕಪಕ್ಕದಲ್ಲಿ ಯಾರಿದ್ರೋ ಅವರಿಂದ ಒಂದಿಷ್ಟು ಕಡ ತಗೊಂಡಿದೆ, ಅಷ್ಟೇ.

ಮರುದಿನ ಆಫೀಸಲ್ಲಿ ಮತ್ತೆ 'ಹಚ್ಚಪ್ಪ' ಅಂದಾಗ, "ಆ ಪದಕ್ಕೆ ಎಷ್ಟಾದ್ರೂ ನಗ್ರಿ ಸರ್, ನನ್ನ ಹೆಸರು ಮಾತ್ರ ಬದಲಾಯಿಸಬ್ಯಾಡ್ರಿ" ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದ್ರು. "ಸಾರಿ ಕಣಪ್ಪ" ಅಂದ್ರು ಅವರು. ಈಗ ಅವರೇ ನನಗೆ "ಫೋನ್ ಹಚ್ಚು" ಅಂತಾರೆ.

ಮಂಡ್ಯದವನು ಈಗಲೂ ದಿನಾ ಬೆಳಿಗ್ಗೆ ತಿಂಡಿ ಆಯ್ತಾ ಅಂತ ಕೇಳ್ತಾನೆ. ನಾನು ದಿನಾ ತೋಳು ಮಡಚ್ತೀನಿ. ನಿಮ್ಮೂರ ಪದ ಯಾವುದು ನಿಮ್ಮನ್ನ ಪೇಚಿಗೆ ಸಿಲುಕಿಸಿತು? ವಾಯ್ಸ್ ಮೆಸೇಜ್ ಕಳಿಸಿ, ನಿಮ್ಮ ಧಾಟಿಯಲ್ಲೇ. ಬರ್ತೀನ್ರಿ!